ಕೊಚ್ಚಿಯ ಜ್ಯೂ ಟೌನ್ ನೋಡೋಕೆ ಹೊರಟಿದ್ದೀರಾ? ಎರಡು ದಿನ ಇಟ್ಟುಕೊಳ್ಳಿ

ಮೊದಲ ಸಲ ಅಮ್ಮನನ್ನು ಕರೆದುಕೊಂಡು ಜ್ಯೂ ಟೌನ್ ಇರುವ ಮಟ್ಟಾಂಚೇರಿಗೆ ಹೋದದ್ದು ಒಂದು ಶನಿವಾರ. ಬೆಂಗಳೂರಿನಿಂದ ರಾತ್ರಿಯಿಡೀ ರೈಲು, ಬೆಳಿಗ್ಗೆ ಬೋಟು, ಆಮೇಲೆ ಆಟೊ. ಬೀದಿಯ ಕೊನೆಗೆ ಹೋಗಿ ನಿಂತರೆ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಬಾಗಿಲು ಹಾಕಿತ್ತು. ಶನಿವಾರ ಯಹೂದಿಗಳ ಸಬ್ಬತ್. ಅವತ್ತು ಅವರು ಯಾವ ಕೆಲಸವನ್ನೂ ಮಾಡುವುದಿಲ್ಲ. ಅಮ್ಮ ಎದುರಿನ ಜಗಲಿಯ ಮೇಲೆ ಕೂತು ಎರಡೂ ಕಡೆಯ ಮನೆಗಳನ್ನು ನೋಡುತ್ತಾ, "ಎಲ್ಲಾ ಅಂಗಡಿಗಳೇ ಕಣೇ. ಮನೆಯವರೆಲ್ಲ ಎಲ್ಲಿಗೆ ಹೋದರು?" ಅಂದಳು.

ಆ ಪ್ರಶ್ನೆ ನನ್ನನ್ನು ಮತ್ತೆ ಮೂರು ಸಲ ಅಲ್ಲಿಗೆ ಎಳೆದುಕೊಂಡು ಹೋಯಿತು. ಬಹಳ ಜನ ಫೋರ್ಟ್ ಕೊಚ್ಚಿಯ ಚೀನಾ ಬಲೆ ನೋಡಿ, ಅಲ್ಲಿಂದ ಬಂದು ಈ ಬೀದಿಗೆ ಅರ್ಧ ಗಂಟೆ ಕೊಟ್ಟು, ನೆಲದ ಟೈಲ್ಸ್ ನೋಡಿ ಹೊರಟುಬಿಡುತ್ತಾರೆ. ಇಲ್ಲಿ ಬದುಕಿದ್ದವರು ಯಾರು, ಯಾಕೆ ಹೋದರು ಅಂತ ತಿಳಿಯಬೇಕಿದ್ದರೆ ನೋಡುವ ಕ್ರಮ ಸ್ವಲ್ಪ ಬೇರೆ ಇರಬೇಕು. ನನಗೆ ಸರಿ ಅನ್ನಿಸಿದ ಕ್ರಮ ಇಲ್ಲಿದೆ.

ಹೊರಡುವ ಮುಂಚೆ: ದಿನ ಆರಿಸಿಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ. ಶನಿವಾರ ಸಿನಗಾಗ್ ತೆರೆಯುವುದಿಲ್ಲ. ಸಬ್ಬತ್ ಶುಕ್ರವಾರ ಸಂಜೆಗೇ ಶುರುವಾಗುವುದರಿಂದ ಶುಕ್ರವಾರ ಮಧ್ಯಾಹ್ನದ ನಂತರವೂ ಹೋಗಬೇಡಿ. ಪಕ್ಕದ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಎರಡನೇ ದಿನ ನೋಡುವ ಪರವೂರು ಮತ್ತು ಚೇಂದಮಂಗಲದ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಮಂಗಳವಾರ-ಬುಧವಾರ ಅಥವಾ ಬುಧವಾರ-ಗುರುವಾರ ಒಳ್ಳೆಯದು. ಭಾನುವಾರವೂ ಆಗುತ್ತದೆ, ಆದರೆ ಜನ ಜಾಸ್ತಿ.

ಯಹೂದಿ ಹಬ್ಬಗಳ ದಿನವೂ ಬಾಗಿಲು ಹಾಕಿರುತ್ತದೆ. ನಮ್ಮ ಪಂಚಾಂಗದ ಹಾಗೆ ಅವರದ್ದೂ ಚಂದ್ರನ ಲೆಕ್ಕ ಹಿಡಿಯುವ ಪಂಚಾಂಗ. ಹಬ್ಬದ ತಾರೀಕು ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ. ದೊಡ್ಡ ಹಬ್ಬಗಳು ಸಾಲಾಗಿ ಬರುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ದಸರಾ ರಜೆಯಲ್ಲಿ ಹೋಗುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಸುಲಭವಾಗಿ ಕಳಚುವ ಚಪ್ಪಲಿ ಇರಲಿ, ಯಾಕೆಂದರೆ ಒಳಗೆ ಬರಿಗಾಲಲ್ಲೇ ಹೋಗಬೇಕು. ಬೇರೆ ದೇಶಗಳ ಹೆಚ್ಚಿನ ಸಿನಗಾಗ್‌ಗಳಲ್ಲಿ ಈ ಪದ್ಧತಿ ಕಾಣುವುದಿಲ್ಲ. ಕೇರಳದ ಯಹೂದಿಗಳು ಸುತ್ತಲಿನ ದೇವಸ್ಥಾನಗಳ ಜೊತೆಗೇ ಬದುಕಿ ರೂಢಿಸಿಕೊಂಡದ್ದು.

ಇಷ್ಟು ಕಥೆ ಗೊತ್ತಿರಲಿ

ಕೊಚ್ಚಿಯ ಯಹೂದಿಗಳ ಕಥೆ ಕೊಚ್ಚಿಯಲ್ಲಿ ಶುರುವಾಗುವುದಿಲ್ಲ. ಅದು ಶುರುವಾಗುವುದು ಉತ್ತರದ ಕೊಡುಂಗಲ್ಲೂರಿನಲ್ಲಿ, ಹಳೆಯ ಮುಜಿರಿಸ್ ಬಂದರಿನ ಸೀಮೆಯಲ್ಲಿ. ಕಾಳುಮೆಣಸಿನ ವ್ಯಾಪಾರಕ್ಕೆ ಬಂದವರು ಅಲ್ಲೇ ನೆಲೆ ನಿಂತರು. ಸುಮಾರು ಕ್ರಿ.ಶ. 1000ರಲ್ಲಿ ಚೇರ ದೊರೆ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಶಾಸನ ಬರೆಸಿಕೊಟ್ಟ. ಲಿಪಿ ವಟ್ಟೆಳುತ್ತು. ಅದರಲ್ಲಿ 72 ಹಕ್ಕುಗಳಿವೆ: ಹಗಲು ದೀವಟಿಗೆ, ಪಲ್ಲಕ್ಕಿ, ಕೊಡೆ, ವಾದ್ಯ, ನಡೆಮುಡಿ ಹಾಸುವುದು, ಸುಂಕದಿಂದ ವಿನಾಯಿತಿ. ಭೂಮಿ ಚಂದ್ರ ಇರುವವರೆಗೂ ಇದು ನಡೆಯಲಿ ಅಂತ ಬರೆದಿದೆ. ನಮ್ಮ ಶಾಸನಗಳ 'ಆಚಂದ್ರಾರ್ಕ' ನೆನಪಾಗುತ್ತದೆ, ಅಲ್ವಾ? ಈ ಶಾಸನದ ಪ್ರತಿಯನ್ನೇ 2017ರಲ್ಲಿ ಭಾರತದ ಪ್ರಧಾನಿ ಇಸ್ರೇಲಿನ ಪ್ರಧಾನಿಗೆ ಉಡುಗೊರೆ ಕೊಟ್ಟದ್ದು.

1341ರಲ್ಲಿ ಪೆರಿಯಾರ್ ನದಿಗೆ ದೊಡ್ಡ ಪ್ರವಾಹ ಬಂತು. ಹಳೆಯ ಬಂದರು ಹೂಳು ತುಂಬಿಕೊಂಡಿತು. ಕೊಚ್ಚಿಯ ಅಳಿವೆ ತೆರೆದುಕೊಂಡಿತು. ವ್ಯಾಪಾರ ಇತ್ತ ಬಂತು, ವ್ಯಾಪಾರದ ಹಿಂದೆ ಜನ ಬಂದರು.

1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿತು. ಅವರಲ್ಲಿ ಕೆಲವರು ಊರೂರು ದಾಟಿ ಕೊಚ್ಚಿಗೂ ತಲುಪಿದರು. ಆಮೇಲೆ ಪಶ್ಚಿಮ ಏಷ್ಯಾದಿಂದಲೂ ಬಂದರು. ಮೊದಲಿಂದ ಇದ್ದವರು ಮಲಬಾರಿ ಯಹೂದಿಗಳು, ಹೊಸಬರು ಪರದೇಶಿ ಯಹೂದಿಗಳು. ಮಲಯಾಳದಲ್ಲಿ ಪರದೇಶಿ ಅಂದರೆ ಹೊರನಾಡಿನವನು ಅಷ್ಟೇ. ನಾವು ಕನ್ನಡದಲ್ಲಿ ಆ ಪದವನ್ನು ದಿಕ್ಕಿಲ್ಲದವನಿಗೆ ಹೇಳುತ್ತೇವೆ. ಪೋರ್ಚುಗೀಸರ ಕಾಟದ ಕಾಲದಲ್ಲಿ ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಅವರಿಗೆ ಜಾಗ ಕೊಟ್ಟ. 1568ರಲ್ಲಿ ಸಿನಗಾಗ್ ಎದ್ದಿತು.

ನಮ್ಮ ಕರಾವಳಿಗೂ ಈ ಕಥೆಯ ಒಂದು ಎಳೆ ಇದೆ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹತ್ತಿರ ಹತ್ತಿರ 17 ವರ್ಷ ಮಂಗಳೂರಿನಲ್ಲಿದ್ದ. ಕಂಚಿನ ಪಾತ್ರೆ ಎರಕ ಹೊಯ್ಯಿಸುವ ಕಾರ್ಖಾನೆ ಇಟ್ಟಿದ್ದ. ಆಶು ಎಂಬ ಇಲ್ಲಿಯ ಹೆಂಗಸನ್ನು ದಾಸ್ಯದಿಂದ ಬಿಡಿಸಿದ. ಆ ಬಿಡುಗಡೆ ಪತ್ರ ಬರೆದದ್ದು 1132ರಲ್ಲಿ, ಮಂಗಳೂರಿನಲ್ಲೇ. ಅವನ ಪರವಾಗಿ ಸರಕು ಹಿಡಿದು ಏಡನ್‌ವರೆಗೆ ಹೋಗಿಬರುತ್ತಿದ್ದವನ ಹೆಸರು ಬೊಮ್ಮ. ಇದೆಲ್ಲ ತಿಳಿದದ್ದು ಕೈರೋದ ಒಂದು ಸಿನಗಾಗ್‌ನಲ್ಲಿ ಉಳಿದಿದ್ದ ಹಳೆಯ ಕಾಗದಪತ್ರಗಳಿಂದ. ಮೆಣಸಿನ ಕರಾವಳಿ ಆಗ ಒಂದೇ ಆಗಿತ್ತು. ಗಡಿ ನಮ್ಮದು, ಈಗಿನದು.

ಮೊದಲು ಬೀದಿ, ಆಮೇಲೆ ಸಿನಗಾಗ್

ಎರ್ನಾಕುಲಂನಿಂದ ಬೋಟ್ ಅಥವಾ ವಾಟರ್ ಮೆಟ್ರೊ ಹಿಡಿದು ಫೋರ್ಟ್ ಕೊಚ್ಚಿಗೆ ಬನ್ನಿ. ಅಲ್ಲಿಂದ ಆಟೊದವರಿಗೆ 'ಮಟ್ಟಾಂಚೇರಿ, ಜ್ಯೂ ಟೌನ್' ಅಂದರೆ ಸಾಕು. ರಸ್ತೆಯಲ್ಲೂ ಬರಬಹುದು, ಆದರೆ ಈ ಊರನ್ನು ಮಾಡಿದ್ದು ನೀರು. ನೀರಿನ ಮೇಲೇ ಬನ್ನಿ.

ಇಳಿದ ಕೂಡಲೇ ಸಿನಗಾಗ್ ಕಡೆ ಓಡಬೇಡಿ. ಬೀದಿಯ ಇನ್ನೊಂದು ತುದಿಗೆ ಹೋಗಿ ಅಲ್ಲಿಂದ ನಡೆದು ಬನ್ನಿ. ಬೆಳಿಗ್ಗೆ ಬೇಗ ಬಂದರೆ ಒಣಶುಂಠಿ, ಮೆಣಸು, ಗೋಣಿಚೀಲದ ವಾಸನೆ ಮೂಗಿಗೆ ಹೊಡೆಯುತ್ತದೆ. ಮೆಣಸಿನ ವಾಯಿದಾ ವ್ಯಾಪಾರ ಕೂಗಿ ಕೂಗಿ ನಡೆಯುತ್ತಿದ್ದ ಕಟ್ಟಡವೂ ಇದೇ ಜ್ಯೂ ಟೌನ್‌ನಲ್ಲಿದೆ. ಮಲೆನಾಡು, ಕೊಡಗಿನ ಬೆಳೆಗಾರರ ಮನೆಗಳಲ್ಲಿ "ಕೊಚ್ಚಿ ರೇಟು ಎಷ್ಟಂತೆ?" ಅಂತ ಕೇಳುವುದನ್ನು ಕೇಳಿದ್ದೀರಲ್ಲ, ಆ ಕೊಚ್ಚಿ ಇದೇ.

ಈಗ ತಲೆ ಎತ್ತಿ ಮನೆಗಳನ್ನು ನೋಡಿ. ಕೆಳಗೆ ಸರಕು, ಮೇಲೆ ಸಂಸಾರ. ಮಹಡಿಗಳು ಒಂದಕ್ಕೊಂದು ಅಂಟಿಕೊಂಡು ಬೀದಿಯುದ್ದಕ್ಕೂ ಹೋಗುತ್ತವೆ. ಕೆಲವು ಕಿಟಕಿಗಳ ಕಂಬಿಯಲ್ಲಿ ಆರು ಮೂಲೆಯ ನಕ್ಷತ್ರ ಕಾಣುತ್ತದೆ. ಬಾಗಿಲ ಚೌಕಟ್ಟನ್ನೂ ಗಮನಿಸಿ. ಒಳಗೆ ಹೋಗುವಾಗ ಬಲಗಡೆಗೆ ಸಿಗುವ ಪಟ್ಟಿಯ ಮೇಲೆ ಯಹೂದಿ ಮನೆಗಳಲ್ಲಿ 'ಮೆಜೂಜಾ' ಎಂಬ ಸಣ್ಣ ಕರಂಡಕ ಬಡಿದಿರುತ್ತಾರೆ. ಅದರೊಳಗೆ ಅವರ ಧರ್ಮಗ್ರಂಥವಾದ ತೋರಾದ ಸಾಲುಗಳನ್ನು ಬರೆದ ಚರ್ಮದ ಸುರುಳಿ. ನಮ್ಮ ಹೊಸ್ತಿಲ ಪೂಜೆಗೆ ಎಷ್ಟು ಮಹತ್ವವೋ ಅವರಿಗೆ ಅದು ಅಷ್ಟು. ಇವತ್ತು ಕೆಳಗೆ ಶಾಲು, ಹಿತ್ತಾಳೆ ಸಾಮಾನು, ಅತ್ತರು ಮಾರುತ್ತಾರೆ. ವ್ಯಾಪಾರಿಗಳು ಕರೆಯುತ್ತಾರೆ, ನಗುತ್ತಾ 'ಆಮೇಲೆ' ಅಂದರೆ ಬಿಡುತ್ತಾರೆ.

ಬೀದಿಯ ಕೊನೆಗೆ ಗಡಿಯಾರದ ಗೋಪುರ. 18ನೇ ಶತಮಾನದಲ್ಲಿ ಎಜೆಕಿಯಲ್ ರಹಾಬಿ ಎಂಬ ದೊಡ್ಡ ವರ್ತಕ ಕಟ್ಟಿಸಿದ್ದು. ಡಚ್ಚರಿಗೂ ರಾಜರಿಗೂ ನಡುವೆ ವ್ಯವಹಾರ ಕುದುರಿಸುತ್ತಿದ್ದ ಮನುಷ್ಯ. ಗೋಪುರದ ಸುತ್ತ ಓಡಾಡಿ ನೋಡಿ: ಒಂದು ಮುಖದಲ್ಲಿ ಹೀಬ್ರೂ ಅಂಕಿ, ಒಂದರಲ್ಲಿ ರೋಮನ್, ಇನ್ನೊಂದರಲ್ಲಿ ಮಲಯಾಳ. ಬೀದಿಯಲ್ಲಿ ಯಾರೆಲ್ಲ ಓಡಾಡುತ್ತಿದ್ದರು ಅಂತ ಅದೇ ಹೇಳುತ್ತದೆ.

ಸಿನಗಾಗ್ ಒಳಗೆ: ಯಾವುದನ್ನು ಎಷ್ಟು ಹೊತ್ತು ನೋಡಬೇಕು

ಸಣ್ಣ ಮೊತ್ತದ ಟಿಕೆಟ್ ಇದೆ, ಚಿಲ್ಲರೆ ಇಟ್ಟುಕೊಳ್ಳಿ. ಫೋಟೊ ವಿಷಯದಲ್ಲಿ ಅಲ್ಲಿಯವರು ಹೇಳಿದ ಹಾಗೆ ಕೇಳಿ. ಒಳಗೆ ಕಾಲಿಡುವ ಮುಂಚೆ ಅಂಗಳದ ಗೋಡೆಯಲ್ಲಿ ಸೇರಿಸಿರುವ ಒಂದು ಹೀಬ್ರೂ ಶಿಲೆಯನ್ನು ಹುಡುಕಿ. ಅದು ಕೊಚ್ಚಿಯದೇ ಕೊಚ್ಚಂಗಾಡಿಯಲ್ಲಿ 1344ರಲ್ಲಿ ಕಟ್ಟಿದ್ದ ಸಿನಗಾಗ್‌ನದು. ಆ ಕಟ್ಟಡ ಎಂದೋ ಹೋಯಿತು. ಪ್ರವಾಹ ಬಂದು ಮೂರೇ ವರ್ಷಕ್ಕೆ ಜನ ಹೊಸ ಊರಲ್ಲಿ ದೇವರ ಮನೆ ಕಟ್ಟಿಕೊಂಡಿದ್ದರು ಅನ್ನುವುದಕ್ಕೆ ಸಾಕ್ಷಿಯಾಗಿ ಈ ಒಂದು ಕಲ್ಲು ಉಳಿದಿದೆ. ಬಹಳ ಜನ ಇದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಹೋಗುತ್ತಾರೆ. ಎರಡು ನಿಮಿಷ ನಿಲ್ಲಿ.

ಪಕ್ಕದ ಕೋಣೆಯಲ್ಲಿ ಸಮುದಾಯದ ಇತಿಹಾಸ ಹೇಳುವ ಚಿತ್ರಗಳಿವೆ. 1968ರಲ್ಲಿ ಸಿನಗಾಗ್‌ಗೆ 400 ವರ್ಷ ತುಂಬಿದಾಗ ಬರೆಸಿದ್ದು. ಆಗ ಇಂದಿರಾ ಗಾಂಧಿ ಬಂದಿದ್ದರು, ಅಂಚೆಚೀಟಿಯೂ ಬಂತು. ಮಕ್ಕಳು ಜೊತೆಗಿದ್ದರೆ ಈ ಚಿತ್ರಗಳ ಮುಂದೆ ನಿಲ್ಲಿಸಿ ಕಥೆ ಹೇಳಿ.

ಒಳಗೆ ಹೋದ ಮೇಲೆ ಮೊದಲು ನೆಲ ನೋಡಿ. ಸಾವಿರಕ್ಕೂ ಹೆಚ್ಚು ನೀಲಿ-ಬಿಳಿ ಟೈಲ್ಸ್, 18ನೇ ಶತಮಾನದಲ್ಲಿ ಚೀನಾದ ಕ್ಯಾಂಟನ್‌ನಿಂದ ಬಂದವು. ಒಂದೊಂದನ್ನೂ ಕೈಯಲ್ಲೇ ಬರೆದದ್ದು. ಒಂದು ಮೂಲೆಯಲ್ಲಿ ಬಗ್ಗಿ ನಾಲ್ಕು ಟೈಲ್ಸ್ ಮಾತ್ರ ಆರಿಸಿಕೊಂಡು ಹೋಲಿಸಿ. ನಾನು ಹಾಗೆ ಮಾಡಿದಾಗ ಒಂದರಲ್ಲಿ ಮರದ ಕೊಂಬೆ ಎಡಕ್ಕೆ ವಾಲಿತ್ತು. ಪಕ್ಕದ್ದರಲ್ಲಿ ಅದೇ ಕೊಂಬೆಗೆ ಎಲೆ ಕಡಿಮೆ. ಮೂರನೆಯದರಲ್ಲಿ ಕುಂಚ ಸ್ವಲ್ಪ ಜಾರಿ ನೀಲಿ ಹರಡಿಕೊಂಡಿತ್ತು. ಒಂದರ ಹಾಗೆ ಇನ್ನೊಂದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬರಿಗಾಲಿಗೆ ಅದರ ತಣ್ಣಗಿನ ಸ್ಪರ್ಶ ತಾಗಿ, ಕಣ್ಣಾರೆ ಆ ಜಾರಿದ ನೀಲಿ ಕಂಡಾಗ ಬರೆದವನ ಕೈಯೇ ಕಂಡ ಹಾಗಾಗುತ್ತದೆ. ಈ ಟೈಲ್ಸ್ ಮೊದಲು ರಾಜನಿಗೆ ಬಂದಿದ್ದವು, ಇದರಲ್ಲಿ ಹಸುವಿನ ರಕ್ತ ಬೆರೆಸಿದ್ದಾರೆ ಅಂತ ಕೇಳಿ ಅವನು ಬೇಡ ಅಂದ, ಹಾಗೆ ಇಲ್ಲಿಗೆ ಸೇರಿದವು ಅಂತ ಗೈಡ್‌ಗಳು ಹೇಳುತ್ತಾರೆ. ಅದನ್ನು ಕಥೆ ಅಂತಲೇ ಕೇಳಿ.

ಆಮೇಲೆ ಮೇಲೆ ನೋಡಿ. ಬೆಲ್ಜಿಯಂ ಗಾಜಿನ ತೂಗುದೀಪಗಳು, ಬಣ್ಣಬಣ್ಣದ ಎಣ್ಣೆ ದೀಪಗಳು. ನಡುವೆ ಹಿತ್ತಾಳೆ ಕಂಬಿಯ ಕಟಕಟೆ ಇದೆಯಲ್ಲ, ಅಲ್ಲಿ ನಿಂತೇ ತೋರಾ ಓದುವುದು. ತೋರಾ ಸುರುಳಿಗಳಿರುವ ಕೆತ್ತನೆಯ ಕಪಾಟು ಪಶ್ಚಿಮದ ಗೋಡೆಗಿದೆ, ಯಾಕೆಂದರೆ ಇಲ್ಲಿಂದ ಜೆರುಸಲೇಂ ಪಶ್ಚಿಮಕ್ಕೆ. ಮೂಡಣಕ್ಕೆ ಮುಖ ಮಾಡಿ ಕೈಮುಗಿದು ಅಭ್ಯಾಸವಾದ ನಮಗೆ ಇದು ಗಮನಿಸಬೇಕಾದ ಸಂಗತಿ. ಮಹಡಿಯಲ್ಲಿ ಇನ್ನೊಂದು ಓದುವ ಕಟ್ಟೆ ಇದೆ, ಅದರ ಹಿಂದೆ ಹೆಂಗಸರ ಜಾಗ. ಹೀಗೆ ಮೇಲೊಂದು ಕೆಳಗೊಂದು ಕಟ್ಟೆ ಇರುವುದು ಕೇರಳದ ಸಿನಗಾಗ್‌ಗಳ ವಿಶೇಷ.

ಇಷ್ಟು ಚೆಂದವನ್ನು ನೋಡಿದ ಮೇಲೆ ಒಂದು ನೋವಿನ ಸಂಗತಿಯನ್ನೂ ತಿಳಿದುಕೊಳ್ಳಬೇಕು. ಈ ಪರದೇಶಿ ಸಿನಗಾಗ್ ಎಲ್ಲ ಯಹೂದಿಗಳಿಗೂ ಸಮನಾಗಿ ತೆರೆದಿರಲಿಲ್ಲ. ಮಲಬಾರಿಗಳನ್ನು ಇಲ್ಲಿ ಸದಸ್ಯರಾಗಿ ಸೇರಿಸುತ್ತಿರಲಿಲ್ಲ. ದಾಸ್ಯದಿಂದ ಬಿಡುಗಡೆಯಾದವರ ಮಕ್ಕಳು ಮೊಮ್ಮಕ್ಕಳಿಗೆ ಒಳಗೆ ಬೆಂಚಿನ ಮೇಲೆ ಕೂರುವ ಹಕ್ಕಿರಲಿಲ್ಲ. ಅಂಥ ಮನೆತನದಲ್ಲಿ 1882ರಲ್ಲಿ ಹುಟ್ಟಿದ ಎ. ಬಿ. ಸೇಲಂ ವಕೀಲರಾದರು. ಕಾಂಗ್ರೆಸ್ ಚಳವಳಿಯಲ್ಲಿದ್ದರು. ಗಾಂಧಿಯವರಿಂದ ಕಲಿತ ಸತ್ಯಾಗ್ರಹವನ್ನು ತಮ್ಮದೇ ಸಿನಗಾಗ್‌ನಲ್ಲಿ ಹೂಡಿದರು, ಬಹಿಷ್ಕಾರವನ್ನೂ ಮಾಡಿದರು. ಕಟ್ಟುಪಾಡು ನಿಧಾನವಾಗಿ ಸಡಿಲಾಯಿತು. ಅವರನ್ನು ಯಹೂದಿ ಗಾಂಧಿ ಅಂತ ಕರೆಯುತ್ತಿದ್ದರು. ಹೊರಗೆ ಬರುವಾಗ ಬಾಗಿಲ ಬಳಿ ಒಮ್ಮೆ ತಿರುಗಿ ಬೆಂಚುಗಳನ್ನು ನೋಡಿ. ನಮ್ಮ ಕಡೆಯ ದೇವಸ್ಥಾನ ಪ್ರವೇಶದ ಹೋರಾಟ ಗೊತ್ತಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯವರೆಲ್ಲ ಎಲ್ಲಿಗೆ ಹೋದರು

1948ರಲ್ಲಿ ಇಸ್ರೇಲ್ ಆಯಿತು. 1950ರ ದಶಕದಲ್ಲಿ ಕೇರಳದ ಯಹೂದಿಗಳು ಹಳ್ಳಿಗೆ ಹಳ್ಳಿಯೇ ಅನ್ನುವ ಹಾಗೆ ಹೊರಟರು. ಯಾರೂ ಅವರನ್ನು ಓಡಿಸಲಿಲ್ಲ. ಧರ್ಮದ ಕರೆ, ಹೊಸ ಬದುಕಿನ ಆಸೆ, ಹೋದವರ ಹಿಂದೆ ಹೋಗುವ ಸೆಳೆತ. ಅಲ್ಲಿ ನೆವಾತಿಂನಂಥ ಕೃಷಿ ಹಳ್ಳಿಗಳಲ್ಲಿ ನೆಲೆ ನಿಂತರು. ಪರದೇಶಿಗಳು ಸ್ವಲ್ಪ ತಡವಾಗಿ ಒಬ್ಬೊಬ್ಬರಾಗಿ ಹೋದರು. ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ದಾಟಿದ ಹತ್ತು ಗಂಡಸರು ಬೇಕು. ಇವತ್ತು ಹೊರಗಿನವರು ಬಂದರೆ ಮಾತ್ರ ಅದು ಸಾಧ್ಯ.

ಬೀದಿಯಲ್ಲಿ ಸಾರಾ ಕೊಹೆನ್ ಅವರ ಕಸೂತಿ ಅಂಗಡಿಯನ್ನು ಹುಡುಕಿ. ಕಿಟಕಿ ಪಕ್ಕ ಕೂತು ಟೋಪಿ, ರೊಟ್ಟಿ ಮುಚ್ಚುವ ಬಟ್ಟೆಗಳಿಗೆ ಕಸೂತಿ ಹಾಕುತ್ತಿದ್ದರು. 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರನ್ನು ಮನೆಯವರ ಹಾಗೆ ನೋಡಿಕೊಂಡು, ಅಂಗಡಿಯನ್ನೂ ನಡೆಸಿದ್ದು ಇದೇ ಬೀದಿಯಲ್ಲಿ ದುಡಿಯುತ್ತಿದ್ದ ಒಂದು ಮುಸ್ಲಿಂ ಕುಟುಂಬ. 2024ರಲ್ಲಿ ಕ್ವೀನಿ ಹಲ್ಲೆಗುವಾ ಅವರೂ ಹೋದರು. ಪರದೇಶಿ ಸಮುದಾಯದ ಕೊನೆಯ ಹೆಂಗಸು ಅವರು. ಈಗ ಇಲ್ಲಿ 'ಯಹೂದಿಗಳು ಎಲ್ಲಿದ್ದಾರೆ, ತೋರಿಸಿ' ಅಂತ ಯಾರನ್ನೂ ಕೇಳಬೇಡಿ. ಮುಚ್ಚಿದ ಬಾಗಿಲು ತಟ್ಟಬೇಡಿ. ಉಳಿದವರು ನೋಡುವ ವಸ್ತುವಲ್ಲ.

ಸ್ಮಶಾನ ಹತ್ತಿರದಲ್ಲೇ ಇದೆ. ಗೇಟಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ. ಹೊರಗಿಂದಲೇ ಹೀಬ್ರೂ ಅಕ್ಷರದ ಸಮಾಧಿಗಳು ಕಾಣುತ್ತವೆ. ಒಳಗೆ ಬಿಟ್ಟರೆ ಹೂವಿನ ಬದಲು ಒಂದು ಸಣ್ಣ ಕಲ್ಲನ್ನು ಸಮಾಧಿಯ ಮೇಲೆ ಇಡಿ. ಅದು ಅವರ ಪದ್ಧತಿ.

ಸಮಯ ಉಳಿದರೆ ಅರಮನೆಯ ರಾಮಾಯಣದ ಭಿತ್ತಿಚಿತ್ರ ನೋಡಿ, ಅಲ್ಲಿಂದ ಚೆರ್ಲಾಯಿ ಕಡೆ ನಡೆಯಿರಿ. ಗೋವಾದಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಬಂದ ಗೌಡ ಸಾರಸ್ವತರ ತಿರುಮಲ ದೇವಸ್ಥಾನ ಅಲ್ಲಿದೆ. ಮಂಗಳೂರು, ಕುಮಟಾ ಕಡೆಯವರಿಗೆ ಕೊಂಕಣಿ ಕಿವಿಗೆ ಬಿದ್ದರೆ ಊರಿಗೇ ಬಂದ ಹಾಗಾಗುತ್ತದೆ. ಆಸರೆ ಕೊಟ್ಟದ್ದು ಅದೇ ಕೊಚ್ಚಿಯ ರಾಜಮನೆತನ.

ಎರಡನೇ ದಿನ: ಹೆಚ್ಚಿನವರು ಬಿಟ್ಟುಬಿಡುವ ಭಾಗ

ಇದನ್ನು ದಯವಿಟ್ಟು ಬಿಡಬೇಡಿ. 20ನೇ ಶತಮಾನದ ಮಧ್ಯದಲ್ಲಿ ಈ ಸೀಮೆಯಲ್ಲಿ ಎಂಟು ಸಿನಗಾಗ್‌ಗಳಿದ್ದವು. ನಿನ್ನೆ ನೋಡಿದ್ದು ಒಂದು. ಉಳಿದ ಏಳೂ ಮಲಬಾರಿಗಳವು. ಜನ ಜಾಸ್ತಿ ಇದ್ದದ್ದೂ ಅವರೇ, ಮೊದಲು ಬಂದವರೂ ಅವರೇ. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಒಳಗಿನ ಮರದ ಕೆತ್ತನೆ ಈಗ ಜೆರುಸಲೇಂನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಇಲ್ಲಿ ಉಳಿದಿದ್ದ ಗೋಡೆಗಳ ಒಂದು ಭಾಗ 2019ರ ಮಳೆಗೆ ಕುಸಿಯಿತು.

ಬೆಳಿಗ್ಗೆ ಎರ್ನಾಕುಲಂ ಮಾರ್ಕೆಟ್ ರಸ್ತೆಗೆ ಹೋಗಿ. ಅಲ್ಲೂ ಕಡವುಂಭಾಗಂ ಅನ್ನುವ ಹೆಸರಿನದೇ ಒಂದಿದೆ. ಮುಂದೆ ಗಿಡಗಳು, ಅಲಂಕಾರದ ಮೀನಿನ ತೊಟ್ಟಿಗಳ ಅಂಗಡಿ. ಅದನ್ನು ದಾಟಿ ಒಳಗೆ ಹೋದರೆ ಸಿನಗಾಗ್. ಅಂಗಡಿಯವರನ್ನು ಮೊದಲು ಕೇಳಿ. 'ಸಿನಗಾಗ್' ಅಂದರೆ ಅರ್ಥವಾಗದಿದ್ದರೆ 'ಜೂತಪ್ಪಳ್ಳಿ' ಅನ್ನಿ. ಮಲಯಾಳದಲ್ಲಿ ಚರ್ಚು, ಮಸೀದಿ, ಸಿನಗಾಗ್ ಮೂರೂ 'ಪಳ್ಳಿ'ಯೇ.

ಅಲ್ಲಿಂದ ಬಸ್ಸಿನಲ್ಲಿ ಉತ್ತರ ಪರವೂರಿಗೆ. ಅಲ್ಲಿಯ ಸಿನಗಾಗನ್ನು ದುರಸ್ತಿ ಮಾಡಿ ಕೇರಳ ಯಹೂದಿಗಳ ಚರಿತ್ರೆಯ ಮ್ಯೂಸಿಯಂ ಮಾಡಿದ್ದಾರೆ. ಗೇಟಿನಿಂದ ಒಳಗಿನವರೆಗೆ ಉದ್ದಕ್ಕೆ ಹೋಗುವ ಮೊಗಸಾಲೆ ಕೇರಳದ ದೇವಸ್ಥಾನವನ್ನೇ ನೆನಪಿಸುತ್ತದೆ. ಇಲ್ಲಿ ಹೆಂಗಸರ ಹಾಡುಗಳ ಬಗ್ಗೆ ಕೇಳಿ. ಕೇರಳದ ಯಹೂದಿ ಹೆಂಗಸರು ಮದುವೆ, ಹಬ್ಬಗಳಲ್ಲಿ ಹಾಡುತ್ತಿದ್ದದ್ದು ಮಲಯಾಳದಲ್ಲಿ. ನಮ್ಮಲ್ಲಿ ಸೋಬಾನೆ ಪದಗಳನ್ನು ಅಜ್ಜಿಯಂದಿರು ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತಾರಲ್ಲ, ಹಾಗೇ ಅವರೂ ಬರೆದಿಟ್ಟುಕೊಂಡಿದ್ದರು. ಇಸ್ರೇಲಿಗೆ ಹೋಗುವಾಗ ಆ ಪುಸ್ತಕಗಳೂ ಪೆಟ್ಟಿಗೆಯಲ್ಲಿ ಹೋದವು. ಅಡುಗೆಯೂ ಹಾಗೇ. ಮಾಂಸಕ್ಕೆ ಹಾಲು, ತುಪ್ಪ ಸೇರಿಸುವುದು ಅವರ ಧರ್ಮಕ್ಕೆ ನಿಷಿದ್ಧ. ಇಲ್ಲಿ ತೆಂಗಿನಹಾಲು ಇತ್ತು, ಕಷ್ಟವಾಗಲಿಲ್ಲ.

ಕೊನೆಗೆ ಆಟೊ ಹಿಡಿದು ಚೇಂದಮಂಗಲ. ಹತ್ತಿರ ಹತ್ತಿರದಲ್ಲೇ ದೇವಸ್ಥಾನ, ಚರ್ಚು, ಮಸೀದಿ, ಸಿನಗಾಗ್ ಇರುವ ನೇಕಾರರ ಊರು. ಕೈಮಗ್ಗದ ಮುಂಡು ಕೊಳ್ಳುವುದಿದ್ದರೆ ಇಲ್ಲೇ ಕೊಳ್ಳಿ. ಸಿನಗಾಗ್ ಮುಂದೆ ಒಂದು ಸಮಾಧಿ ಶಿಲೆ ನಿಲ್ಲಿಸಿದ್ದಾರೆ. ಇಸ್ರೇಲನ ಮಗಳು ಸಾರಾ ಎಂಬ ಹೆಂಗಸಿನದು. ವರ್ಷ 1269. ಭಾರತದಲ್ಲಿ ಸಿಕ್ಕ ಹೀಬ್ರೂ ಶಾಸನಗಳಲ್ಲಿ ಇದೇ ಹಳೆಯದು ಅನ್ನುತ್ತಾರೆ.

ಎರಡನೇ ಸಲ ಅಮ್ಮ ಬಂದಾಗ ಈ ಕಲ್ಲಿನ ಮುಂದೆ ನಿಂತು ಹೆಸರು ಕೇಳಿದಳು. ಹೇಳಿದೆ. ದಾರಿಯ ಪಕ್ಕದಿಂದ ಒಂದು ಸಣ್ಣ ಕಲ್ಲು ಆರಿಸಿ ತಂದು, ಸೆರಗಿನಲ್ಲಿ ಒರೆಸಿ, ಬುಡದಲ್ಲಿಟ್ಟಳು. ಪರವೂರಿಗೆ ವಾಪಸ್ ಬಸ್ಸುಗಳು ಸಂಜೆಯವರೆಗೂ ಸಿಗುತ್ತವೆ, ಅವಸರ ಮಾಡಬೇಡಿ.